ಎಣಿಕೆ ನಾಲಿಗೆಯಿಂದ ಕೈಗಿಳಿಯಲಿ

ಮನೆಗೆ ಬಂಧುಗಳು ಬಂದಾಗ ನಾಲ್ಕು ವರ್ಷದ ಮಗುವನ್ನು ಕರೆದು ನಡುಮನೆಯಲ್ಲಿ ನಿಲ್ಲಿಸಿ, ‘ಎಲ್ಲಿ, ನೂರರವರೆಗೆ ಹೇಳು ನೋಡೋಣ’ ಎನ್ನುವುದು ನಮ್ಮ ಕುಟುಂಬಗಳಲ್ಲಿ ಒಂದು ವಾಡಿಕೆಯೇ ಆಗಿಬಿಟ್ಟಿದೆ. ಮಗು ಉಸಿರು ಬಿಡದೆ ಒಪ್ಪಿಸುತ್ತದೆ. ಬಂದವರು ಮೆಚ್ಚಿ ತಲೆ ಸವರುತ್ತಾರೆ. ತಾಯಿತಂದೆಯರ ಮುಖ ಅರಳುತ್ತದೆ. ಈ ಸಂತೋಷದಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಮಗುವಿನ ಮುಂದೆ ಒಂದು ತಟ್ಟೆಯಲ್ಲಿ ಹತ್ತಿಪ್ಪತ್ತು ಶೇಂಗಾ ಬೀಜಗಳನ್ನಿಟ್ಟು, ‘ನನಗೆ ಐದು ಕೊಡು’ ಎಂದು ಕೇಳಿ ನೋಡಿರಿ. ಎಷ್ಟೋ ಮಕ್ಕಳು ಮುಷ್ಟಿ ತುಂಬ ಎತ್ತಿ ಕೊಡುತ್ತಾರೆ. ‘ಇವು ಐದೇನು?’ ಎಂದರೆ ಯಾವ ಅಳುಕೂ ಇಲ್ಲದೆ ‘ಹೌದು’ ಎನ್ನುತ್ತಾರೆ.

ನೂರರವರೆಗೆ ಹೇಳಬಲ್ಲ ಮಗುವಿಗೆ ಐದು ಎಂದರೇನೆಂದು ತಿಳಿದಿಲ್ಲ! ಇದು ಮಗುವಿನ ದಡ್ಡತನವೆಂದು ಯಾರೂ ಭಾವಿಸಬಾರದು. ಸಂಖ್ಯೆಗಳ ಹೆಸರುಗಳನ್ನು ಮಗು ಒಂದು ಪದ್ಯವನ್ನು ಕಲಿಯುವಂತೆಯೇ ಕಲಿತಿದೆ. ಆ ಹೆಸರುಗಳೊಳಗೆ ತುಂಬಬೇಕಾದ ಅರ್ಥವನ್ನು ನಾವು ಇನ್ನೂ ತುಂಬಿಲ್ಲ, ಅಷ್ಟೆ. ಆ ಅರ್ಥವನ್ನು ತುಂಬುವ ಕೆಲಸ ಶಾಲೆಯ ಹೊಸ್ತಿಲು ತುಳಿಯುವ ಮೊದಲೇ, ಮನೆಯಲ್ಲಿಯೇ, ಮನೆಯ ಮಾತಿನಲ್ಲಿಯೇ ಆಗಬೇಕಾದುದು. ಅದಕ್ಕೆ ಹಣ ಬೇಕಿಲ್ಲ, ಟ್ಯೂಷನ್ ಬೇಕಿಲ್ಲ, ತಾಯಿ ಬಹಳ ಓದಿದವಳಾಗಿರಬೇಕೆಂಬ ನಿಯಮವೂ ಇಲ್ಲ. ಎರಡೂವರೆ ವರ್ಷದಿಂದ ಆರು ವರ್ಷದವರೆಗಿನ ಮಕ್ಕಳಿರುವ ಮನೆಗಳಿಗಾಗಿ ಈ ತಿಂಗಳ ಅಂಕಣವನ್ನು ಮೀಸಲಿಡಲಾಗಿದೆ.

ಹೇಳುವುದು ಬೇರೆ, ಎಣಿಸುವುದು ಬೇರೆ

ಎಣಿಸುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದರೊಳಗೆ ಎಷ್ಟು ತಿಳಿವಳಿಕೆಗಳು ಅಡಗಿವೆಯೆಂಬುದೇ ನಮಗೆ ಮರೆತುಹೋಗಿದೆ. ರೋಷೆಲ್ ಗೆಲ್ಮನ್ ಮತ್ತು ರ್‍ಯಾಂಡಿ ಗ್ಯಾಲಿಸ್ಟೆಲ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ೧೯೭೮ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಎಣಿಕೆಯ ಹಿಂದಿರುವ ಐದು ತತ್ತ್ವಗಳನ್ನು ಬಿಡಿಸಿ ತೋರಿಸಿದರು. ಅವುಗಳನ್ನು ನಮ್ಮ ಮನೆಯ ಉದಾಹರಣೆಗಳಿಂದಲೇ ತಿಳಿದುಕೊಳ್ಳಬಹುದು.

ಮೊದಲನೆಯದು, ಒಂದು ವಸ್ತುವಿಗೆ ಒಂದೇ ಹೆಸರು. ಸಾಲಾಗಿಟ್ಟ ಬಾಳೆಹಣ್ಣುಗಳನ್ನು ಎಣಿಸುವ ಮಗು ಒಂದು ಹಣ್ಣನ್ನು ಎರಡು ಬಾರಿ ಮುಟ್ಟಬಾರದು, ಯಾವುದನ್ನೂ ಬಿಡಲೂಬಾರದು. ಎರಡನೆಯದು, ಹೆಸರುಗಳ ಕ್ರಮ ಬದಲಾಗಬಾರದು. ಇಂದು ‘ಮೂರು, ನಾಲ್ಕು’, ನಾಳೆ ‘ನಾಲ್ಕು, ಮೂರು’ ಎಂದಾಗಬಾರದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಮೊತ್ತ. ‘ಒಂದು, ಎರಡು, ಮೂರು, ನಾಲ್ಕು’ ಎಂದು ಎಣಿಸಿದ ಮಗುವನ್ನು ‘ಹಾಗಾದರೆ ಎಷ್ಟಿವೆ?’ ಎಂದು ಕೇಳಿದಾಗ ಅದು ‘ನಾಲ್ಕು’ ಎನ್ನದೆ ಮತ್ತೆ ಒಂದರಿಂದ ಎಣಿಸಲಾರಂಭಿಸಿದರೆ, ಈ ತತ್ತ್ವ ಇನ್ನೂ ಮನಸ್ಸಿಗೆ ಇಳಿದಿಲ್ಲವೆಂದು ತಿಳಿಯಬೇಕು. ನಾಲ್ಕನೆಯದು, ಯಾವುದನ್ನು ಬೇಕಾದರೂ ಎಣಿಸಬಹುದು: ಕಲ್ಲು, ಹಕ್ಕಿ, ಚಪ್ಪಾಳೆಯ ಸದ್ದು, ಮನೆಯ ಮಂದಿ. ಐದನೆಯದು, ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಮೊತ್ತ ಒಂದೇ.

ಮೂರನೆಯ ತತ್ತ್ವವು ಮಗುವಿಗೆ ಒಮ್ಮೆಲೇ ದಕ್ಕುವುದಿಲ್ಲ. ಕ್ಯಾರೆನ್ ವಿನ್ ಎಂಬ ಸಂಶೋಧಕಿ ೧೯೯೦ರ ದಶಕದ ಆರಂಭದಲ್ಲಿ ‘ಇಷ್ಟು ಕೊಡು’ ಎಂಬ ಸರಳ ಪರೀಕ್ಷೆಯಿಂದಲೇ ಇದನ್ನು ಕಂಡುಕೊಂಡರು. ಮೊದಲು ಮಗುವಿಗೆ ಒಂದು ಮಾತ್ರ ಖಚಿತವಾಗಿ ತಿಳಿದಿರುತ್ತದೆ. ಎರಡು ಕೇಳಿದರೂ ಐದು ಕೇಳಿದರೂ ಒಂದು ಹಿಡಿ ಕೊಡುತ್ತದೆ. ಕೆಲವು ತಿಂಗಳುಗಳ ಮೇಲೆ ಎರಡು ತಿಳಿಯುತ್ತದೆ. ಮತ್ತೆ ಕೆಲವು ತಿಂಗಳಿಗೆ ಮೂರು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಮೇಲೆ ಒಂದು ದಿನ ಎಣಿಕೆಯ ಮರ್ಮ ಹೊಳೆಯುತ್ತದೆ. ಆಮೇಲೆ ಎಷ್ಟು ಕೇಳಿದರೂ ಮಗು ಎಣಿಸಿ ಕೊಡಬಲ್ಲದು. ಅನೇಕ ಮಕ್ಕಳಲ್ಲಿ ಇದು ಮೂರೂವರೆ, ನಾಲ್ಕು ವರ್ಷದ ಸುಮಾರಿಗೆ ಆಗುತ್ತದೆ. ಕೆಲವರಲ್ಲಿ ಇನ್ನೂ ತಡವಾಗಿ. ಆದ್ದರಿಂದ ನಿಮ್ಮ ಮಗು ನೂರರವರೆಗೆ ಹೇಳುತ್ತದೆಯೋ ಇಲ್ಲವೋ ಎಂಬುದಕ್ಕಿಂತ, ಅದು ಈ ಮೆಟ್ಟಿಲುಗಳಲ್ಲಿ ಎಲ್ಲಿ ನಿಂತಿದೆಯೆಂದು ಅರಿಯುವುದು ಹೆಚ್ಚು ಪ್ರಯೋಜನಕರ.

ಎಳೆಯ ವಯಸ್ಸಿನಲ್ಲೇ ಏಕೆ?

‘ಶಾಲೆಗೆ ಹೋದ ಮೇಲೆ ತಾನಾಗಿ ಕಲಿಯುತ್ತದೆ, ಈಗಲೇ ಏಕೆ ಇದೆಲ್ಲ?’ ಎಂದು ಹಿರಿಯರು ಕೇಳುವುದುಂಟು. ಇದಕ್ಕೆ ಅಧ್ಯಯನಗಳು ಕೊಡುವ ಉತ್ತರ ಗಂಭೀರವಾದುದು. ಗ್ರೆಗ್ ಡಂಕನ್ ಮತ್ತು ಸಂಗಡಿಗರು ಅಮೆರಿಕ, ಬ್ರಿಟನ್ ಹಾಗೂ ಕೆನಡಾ ದೇಶಗಳಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತ ಬಂದಿದ್ದ ಆರು ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ ೨೦೦೭ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶಾಲೆಗೆ ಸೇರುವ ವೇಳೆಯಲ್ಲಿ ಮಗುವಿಗಿದ್ದ ಗಣಿತದ ತಿಳಿವಳಿಕೆಯೇ ಅದರ ಮುಂದಿನ ಕಲಿಕೆಯನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಸೂಚಿಸುತ್ತಿತ್ತು. ಓದಿನ ತಿಳಿವಳಿಕೆ, ಗಮನವಿಟ್ಟು ಕುಳಿತುಕೊಳ್ಳುವ ಶಕ್ತಿ ಇವು ಅದರ ನಂತರದ ಸ್ಥಾನದಲ್ಲಿದ್ದವು. ಮೊದಲ ತರಗತಿಗೆ ಬರುವಾಗಲೇ ಹಿಂದುಳಿದ ಮಗು, ಪಾಠಗಳು ಮುಂದೆ ಮುಂದೆ ಹೋದಂತೆ ಇನ್ನಷ್ಟು ಹಿಂದುಳಿಯುವ ಸಂಭವವಿದೆ. ‘ನನಗೆ ಲೆಕ್ಕ ಬರುವುದಿಲ್ಲ’ ಎಂಬ ಭಾವನೆ ಒಮ್ಮೆ ಬೇರೂರಿದರೆ ಅದನ್ನು ಕೀಳುವುದು ಬಲು ಕಷ್ಟ.

ಹಾಗಾದರೆ ಈ ಅಂತರ ಹುಟ್ಟುವುದೆಲ್ಲಿ? ಷಿಕಾಗೊ ವಿಶ್ವವಿದ್ಯಾನಿಲಯದ ಸೂಸನ್ ಲೆವಿನ್ ಮತ್ತು ಸಂಗಡಿಗರು ೪೪ ಮಕ್ಕಳ ಮನೆಗಳಿಗೆ ಐದೈದು ಬಾರಿ ಹೋಗಿ, ಪ್ರತಿ ಸಲ ಒಂದೂವರೆ ಗಂಟೆಯ ಕಾಲ ಮನೆಯ ಸಹಜ ಮಾತುಕತೆಯನ್ನು ದಾಖಲಿಸಿಕೊಂಡರು. ಆಗ ಮಕ್ಕಳ ವಯಸ್ಸು ೧೪ರಿಂದ ೩೦ ತಿಂಗಳು. ಈ ಏಳೂವರೆ ಗಂಟೆಗಳ ಮಾತಿನಲ್ಲಿ ಒಂದು ಮನೆಯಲ್ಲಿ ಸಂಖ್ಯೆಯ ಪದಗಳು ಕೇಳಿಬಂದದ್ದು ಕೇವಲ ೪ ಬಾರಿ. ಇನ್ನೊಂದು ಮನೆಯಲ್ಲಿ ೨೫೭ ಬಾರಿ! ಸಂಖ್ಯೆಯ ಮಾತನ್ನು ಹೆಚ್ಚು ಕೇಳಿ ಬೆಳೆದ ಮಕ್ಕಳು, ನಾಲ್ಕು ವರ್ಷ ತುಂಬುವ ಹೊತ್ತಿಗೆ ಸಂಖ್ಯೆಯ ಅರ್ಥವನ್ನು ಹೆಚ್ಚು ಚೆನ್ನಾಗಿ ಅರಿತಿದ್ದರು. ೨೦೧೦ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಂದುವರಿಕೆಯಿಂದ ಇನ್ನೊಂದು ಅಂಶವೂ ತಿಳಿದುಬಂತು. ಬರಿದೇ ಸಂಖ್ಯೆಗಳನ್ನು ಪಠಿಸುವುದಕ್ಕಿಂತ, ಕಣ್ಣೆದುರಿಗಿರುವ ವಸ್ತುಗಳನ್ನು ತೋರಿಸಿ ಎಣಿಸುವ ಮಾತೇ ಹೆಚ್ಚು ಫಲಕಾರಿ. ಅದರಲ್ಲಿಯೂ ನಾಲ್ಕರಿಂದ ಹತ್ತರವರೆಗಿನ ಗುಂಪುಗಳ ಮಾತು.

ತಾಯಿ ದಿನವಿಡೀ ಮಗುವಿನೊಡನೆ ಮಾತನಾಡುತ್ತಲೇ ಇರುತ್ತಾಳೆ. ಆ ಮಾತಿಗೆ ‘ಎಷ್ಟು’ ಎಂಬ ಪದವೊಂದು ಸೇರಬೇಕು. ‘ರೊಟ್ಟಿ ತಾ’ ಎನ್ನುವಲ್ಲಿ ‘ಮೂರು ರೊಟ್ಟಿ ತಾ’ ಎನ್ನಬೇಕು. ‘ಚಪ್ಪಲಿ ಜೋಡಿಸು’ ಎನ್ನುವಲ್ಲಿ ‘ಎಷ್ಟು ಜೊತೆ ಇವೆ ನೋಡು’ ಎನ್ನಬೇಕು. ಖರ್ಚಿಲ್ಲದ ಈ ಕೆಲಸದ ಫಲ ಮಾತ್ರ ಬಹುಕಾಲ ಉಳಿಯುವಂತಹುದು.

ನಮ್ಮ ನುಡಿಯಲ್ಲಿರುವ ಅನುಕೂಲ

ಇಂದು ಕನ್ನಡ ಮಾತನಾಡುವ ಅನೇಕ ಮನೆಗಳಲ್ಲಿಯೂ ಮಕ್ಕಳು ‘ಒನ್, ಟೂ, ತ್ರೀ’ ಎಂದೇ ಎಣಿಸುತ್ತಾರೆ. ಶಾಲೆಯಲ್ಲಿ ಆಂಗ್ಲ ಭಾಷೆಯ ಸಂಖ್ಯೆಗಳು ಬೇಕೇ ಬೇಕು. ಅವುಗಳನ್ನು ಕಲಿಸಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಕನ್ನಡದ ಎಣಿಕೆಯನ್ನು ಬದಿಗೆ ಸರಿಸಿದಾಗ ಮಗು ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ನಾವು ಯೋಚಿಸಿಲ್ಲ.

ನಮ್ಮ ಸಂಖ್ಯಾಪದಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿರಿ. ಹದಿಮೂರು ಎಂದರೆ ಹತ್ತು ಮತ್ತು ಮೂರು. ಹದಿನೈದು ಎಂದರೆ ಹತ್ತು ಮತ್ತು ಐದು. ಹತ್ತೊಂಬತ್ತರಲ್ಲಿ ಹತ್ತೂ ಇದೆ, ಒಂಬತ್ತೂ ಇದೆ. ಇಪ್ಪತ್ತು ಎಂದರೆ ಎರಡು ಹತ್ತು, ಮೂವತ್ತು ಎಂದರೆ ಮೂರು ಹತ್ತು, ಐವತ್ತು ಎಂದರೆ ಐದು ಹತ್ತು. ತೊಂಬತ್ತರಂತಹ ಒಂದೆರಡು ಪದಗಳನ್ನು ಬಿಟ್ಟರೆ ಉಳಿದೆಲ್ಲವೂ ತಮ್ಮ ಒಡಲಲ್ಲೇ ಅರ್ಥವನ್ನಿಟ್ಟುಕೊಂಡಿವೆ. ‘ಇಪ್ಪತ್ತಮೂರು’ ಎನ್ನುವಾಗ ಮಗು ಎರಡು ಹತ್ತುಗಳನ್ನೂ ಮೂರು ಬಿಡಿಗಳನ್ನೂ ಒಟ್ಟಿಗೆ ಉಚ್ಚರಿಸುತ್ತಿದೆ. ಮುಂದೆ ಶಾಲೆಯಲ್ಲಿ ‘ಸ್ಥಾನಬೆಲೆ’ ಎಂಬ ಹೆಸರಿನಲ್ಲಿ ಕಲಿಸುವ ಪಾಠ ಇದೇ ಅಲ್ಲವೆ? ಆಂಗ್ಲದ ‘ಇಲೆವನ್’, ‘ಟ್ವೆಲ್ವ್’ಗಳನ್ನು ಕೇಳಿದ ಮಗುವಿಗೆ ಅವುಗಳೊಳಗೆ ಹತ್ತು ಅಡಗಿದೆಯೆಂದು ತಿಳಿಯುವ ಬಗೆಯೇ ಇಲ್ಲ.

ಇದು ಕೇವಲ ಭಾಷಾಭಿಮಾನದ ಮಾತಲ್ಲ. ಚೀನೀ ಭಾಷೆಯಲ್ಲಿಯೂ ಹನ್ನೊಂದಕ್ಕೆ ‘ಹತ್ತು-ಒಂದು’, ಹನ್ನೆರಡಕ್ಕೆ ‘ಹತ್ತು-ಎರಡು’ ಎಂದೇ ಹೇಳುತ್ತಾರೆ. ೧೯೯೫ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನದ ಮತ್ತು ಅಮೆರಿಕದ ಎಳೆಯ ಮಕ್ಕಳ ಎಣಿಕೆಯನ್ನು ಹೋಲಿಸಿ ನೋಡಲಾಯಿತು. ಹತ್ತರವರೆಗೆ ಇಬ್ಬರಲ್ಲಿಯೂ ಹೆಚ್ಚಿನ ಅಂತರವಿರಲಿಲ್ಲ. ಹತ್ತನ್ನು ದಾಟಿದೊಡನೆ ಅಮೆರಿಕದ ಮಕ್ಕಳು ಎಡವತೊಡಗಿದರು. ಪದಗಳ ರಚನೆಯೇ ಅದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ಕಂಡರು.

ಭಿನ್ನರಾಶಿಯಲ್ಲಿಯೂ ಹಾಗೆಯೇ. ಒಂದು ಹೋಳಿಗೆಯನ್ನು ನಾಲ್ಕು ಸಮಪಾಲು ಮಾಡಿ, ಒಂದು ತುಂಡಿಗೆ ‘ಕಾಲು’, ಎರಡು ತುಂಡಿಗೆ ‘ಅರ್ಧ’, ಮೂರಕ್ಕೆ ‘ಮುಕ್ಕಾಲು’ ಎಂದು ತೋರಿಸಿದರೆ, ಮುಕ್ಕಾಲೆಂದರೆ ಮೂರು ಕಾಲೆಂಬುದು ಮಗುವಿಗೆ ತಾನಾಗಿ ಹೊಳೆಯುತ್ತದೆ. ಲೆಕ್ಕಕ್ಕೆ ನಮ್ಮ ನುಡಿ ಸಾಲದೆಂಬ ಹಿಂಜರಿಕೆಗೆ ಚರಿತ್ರೆಯಲ್ಲಿ ಆಧಾರವಿಲ್ಲ. ನೃಪತುಂಗನೆಂದು ಹೆಸರಾದ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಅಷ್ಟು ಹಿಂದೆಯೇ ಶಾಸ್ತ್ರವನ್ನು ಹೊತ್ತ ನುಡಿ ನಮ್ಮ ಮನೆಯ ಮಗುವಿನ ಎಣಿಕೆಯನ್ನು ಹೊರಲಾರದೆ?

ಆದ್ದರಿಂದ ಮೊದಲು ಮನೆಯ ಮಾತಿನಲ್ಲಿ ಎಣಿಸಲಿ. ಅರ್ಥ ಒಮ್ಮೆ ಕೂತರೆ, ಅದಕ್ಕೆ ಇನ್ನೊಂದು ಭಾಷೆಯ ಹೆಸರನ್ನು ಜೋಡಿಸುವುದು ಮಗುವಿಗೆ ಸುಲಭ.

ಅಡುಗೆಮನೆಯೇ ಪಾಠಶಾಲೆ

ಗಣಿತವೆಂದರೆ ಎಣಿಕೆ ಮಾತ್ರವೇ ಅಲ್ಲ. ವಿಂಗಡಿಸುವುದು, ಹೋಲಿಸುವುದು, ಅಳೆಯುವುದು, ವಿನ್ಯಾಸವನ್ನು ಗುರುತಿಸುವುದು ಇವೆಲ್ಲವೂ ಗಣಿತದ ಬೇರುಗಳು. ಇವೆಲ್ಲಕ್ಕೂ ಅಡುಗೆಮನೆಯಲ್ಲಿ ಎಡೆಯಿದೆ.

ವಿಂಗಡಣೆ: ಸಂತೆಯಿಂದ ತಂದ ಕಾಯಿಪಲ್ಲೆಯನ್ನು ಸುರುವಿ, ಬದನೆಕಾಯಿ ಒಂದು ಕಡೆ, ಈರುಳ್ಳಿ ಒಂದು ಕಡೆ, ಮೆಣಸಿನಕಾಯಿ ಒಂದು ಕಡೆ ಮಾಡಲು ಹೇಳಿರಿ. ಆಮೇಲೆ ಅದೇ ಈರುಳ್ಳಿಗಳನ್ನು ದೊಡ್ಡವು, ಸಣ್ಣವು ಎಂದು ಬೇರ್ಪಡಿಸಲಿ. ಒಂದೇ ರಾಶಿಯನ್ನು ಬೇರೆ ಬೇರೆ ಗುಣಗಳಿಂದ ವಿಭಾಗಿಸಬಹುದೆಂಬ ಅರಿವು ಮಗುವಿನ ವಿಚಾರಶಕ್ತಿಯನ್ನು ಹರಿತಗೊಳಿಸುತ್ತದೆ.

ಜೋಡಣೆ: ಊಟಕ್ಕೆ ಕೂರುವ ಮೊದಲು ತಟ್ಟೆ ಹಾಕುವ ಕೆಲಸವನ್ನು ಮಗುವಿಗೆ ವಹಿಸಿರಿ. ಅಜ್ಜನಿಗೊಂದು, ಅಜ್ಜಿಗೊಂದು, ಅಪ್ಪನಿಗೊಂದು, ಅವ್ವನಿಗೊಂದು, ತನಗೊಂದು. ‘ಇವತ್ತು ಸೋದರಮಾವ ಬಂದಿದ್ದಾನೆ, ಈಗ ಎಷ್ಟು ಬೇಕು?’ ಎಂದು ಕೇಳಿದರೆ ಸಂಕಲನದ ಮೊದಲ ಪಾಠ ಅಲ್ಲಿಯೇ ನಡೆದುಹೋಗುತ್ತದೆ. ಅಣ್ಣ ಊರಿಗೆ ಹೋದ ದಿನ ವ್ಯವಕಲನದ ಪಾಠ.

ಅಳತೆ: ಎಷ್ಟೋ ಮನೆಗಳ ಅಕ್ಕಿಡಬ್ಬಿಯಲ್ಲಿ ಇಂದಿಗೂ ಒಂದು ಪಾವು ಇರುತ್ತದೆ. ಸೇರು ಇದ್ದರೆ ಇನ್ನೂ ಒಳ್ಳೆಯದು. ಎಷ್ಟು ಪಾವು ಸುರಿದರೆ ಸೇರು ತುಂಬುತ್ತದೆಯೆಂದು ಮಗುವೇ ಸುರಿದು ನೋಡಲಿ. ನಾಲ್ಕೆಂಬುದನ್ನು ತಾನೇ ಕಂಡುಕೊಂಡ ಮಗು ಅದನ್ನು ಮರೆಯುವುದಿಲ್ಲ. ಹೂವಿನ ಮಾಲೆಯನ್ನು ಮಗುವಿನ ಮೊಳದಿಂದಲೂ ಅಜ್ಜಿಯ ಮೊಳದಿಂದಲೂ ಅಳೆಯಿರಿ. ಮಗುವಿನ ಕೈಯಲ್ಲಿ ಆರು ಮೊಳವಾದದ್ದು ಅಜ್ಜಿಯ ಕೈಯಲ್ಲಿ ನಾಲ್ಕಾಗಬಹುದು! ‘ಹೂವು ಅಷ್ಟೇ ಇದೆಯಲ್ಲ, ಲೆಕ್ಕ ಏಕೆ ಬದಲಾಯಿತು?’ ಎಂಬ ಪ್ರಶ್ನೆ ಹುಟ್ಟಿದರೆ, ಎಲ್ಲರಿಗೂ ಒಪ್ಪಿಗೆಯಾಗುವ ಅಳತೆಗೋಲು ಏಕೆ ಬೇಕೆಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು. ಅಗಲವಾದ ಲೋಟದ ಹಾಲನ್ನು ಉದ್ದನೆಯ ಕಿರಿದಾದ ಲೋಟಕ್ಕೆ ಸುರಿದರೆ, ಐದು ವರ್ಷದ ಮಗು ‘ಈಗ ಹಾಲು ಹೆಚ್ಚಾಯಿತು’ ಎನ್ನಬಹುದು. ಐದು ನಾಣ್ಯಗಳನ್ನು ಒತ್ತಾಗಿಟ್ಟು, ಆಮೇಲೆ ದೂರ ದೂರ ಹರಡಿದರೆ ‘ಈಗ ಜಾಸ್ತಿ ಇವೆ’ ಎನ್ನಬಹುದು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತಮ್ಮ ಸಹಸಂಶೋಧಕಿಯೊಡನೆ ೧೯೪೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಉತ್ತರಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಇದು ಬೆಳವಣಿಗೆಯ ಒಂದು ಘಟ್ಟ. ಬೈದರೆ ಅಥವಾ ನಕ್ಕರೆ ಮಗು ಸುಮ್ಮನಾಗುತ್ತದೆ, ತಿಳಿದುಕೊಳ್ಳುವುದಿಲ್ಲ. ‘ಮತ್ತೆ ಹಳೆಯ ಲೋಟಕ್ಕೇ ಸುರಿ ನೋಡೋಣ’ ಎಂದರೆ ಸಾಕು.

ವಿನ್ಯಾಸ: ಅಂಗಳದ ಚುಕ್ಕಿ ರಂಗೋಲಿಗಿಂತ ಸುಂದರವಾದ ಗಣಿತದ ಪುಟ ಇನ್ನೊಂದಿಲ್ಲ. ನಡುವಿನ ಸಾಲಿನಲ್ಲಿ ಏಳು ಚುಕ್ಕಿ. ಅದರ ಮೇಲೂ ಕೆಳಗೂ ಆರು, ಐದು, ನಾಲ್ಕು ಎಂದು ಒಂದೊಂದೇ ಇಳಿಯುತ್ತ ಕೊನೆಗೆ ಒಂದು. ‘ಮುಂದಿನ ಸಾಲಿಗೆ ಎಷ್ಟು ಇಡಲಿ?’ ಎಂದು ಪಕ್ಕದಲ್ಲಿ ಕುಳಿತ ಮಗುವನ್ನು ಕೇಳಿರಿ. ಸ್ವಲ್ಪ ದೊಡ್ಡ ಮಕ್ಕಳಾದರೆ ಒಟ್ಟು ಚುಕ್ಕಿಗಳನ್ನು ಎಣಿಸಲಿ. ೪೯ ಬರುತ್ತದೆ, ಅಂದರೆ ಏಳೇಳಲೆ ನಲವತ್ತೊಂಬತ್ತು. ಐದರ ರಂಗೋಲಿಯಲ್ಲಿ ೨೫. ಇದು ಹೇಗೆಂದು ಮನೆಯವರೆಲ್ಲ ಕೂಡಿ ಯೋಚಿಸಬಹುದು.

ಆಟದಲ್ಲಿ ಅಡಗಿದ ಲೆಕ್ಕ

ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಎಂಬ ಸಂಶೋಧಕರು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನ ಎಲ್ಲ ಮನೆಗಳೂ ತಿಳಿಯಬೇಕಾದದ್ದು. ಬಡ ಕುಟುಂಬಗಳ ಎಳೆಯ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಸಾಲಾಗಿ ಅಂಕಿಗಳಿದ್ದ ಒಂದು ಪಟ್ಟಿಯ ಮೇಲೆ ಕಾಯಿ ನಡೆಸುವ ಆಟವನ್ನು ಆಡಿಸಿದರು. ಒಂದೊಂದು ಬಾರಿಗೆ ಸುಮಾರು ಕಾಲು ಗಂಟೆಯಂತೆ ಎರಡು ವಾರಗಳಲ್ಲಿ ನಾಲ್ಕೇ ಬಾರಿ. ಅಷ್ಟರಲ್ಲಿಯೇ ಆ ಮಕ್ಕಳ ಸಂಖ್ಯಾಜ್ಞಾನ ಗಮನಾರ್ಹವಾಗಿ ಬೆಳೆಯಿತು. ಅಂಕಿಗಳಿಲ್ಲದೆ ಬಣ್ಣಗಳು ಮಾತ್ರ ಇದ್ದ ಪಟ್ಟಿಯಲ್ಲಿ ಆಡಿದ ಮಕ್ಕಳಲ್ಲಿ ಅಂತಹ ಬೆಳವಣಿಗೆ ಕಾಣಲಿಲ್ಲ. ಇದೇ ಬಗೆಯ ಇನ್ನೊಂದು ಅಧ್ಯಯನದಲ್ಲಿ ಒಂಬತ್ತು ವಾರಗಳ ನಂತರವೂ ಫಲ ಉಳಿದಿತ್ತು.

ಇಂತಹ ಆಟಗಳಿಗೆ ನಮ್ಮಲ್ಲಿ ಕೊರತೆಯೆಲ್ಲಿದೆ? ಹಾವು-ಏಣಿ ಆಟದ ಹಾಳೆ ಪೇಟೆಯಲ್ಲಿ ಅಗ್ಗವಾಗಿ ದೊರೆಯುತ್ತದೆ. ಚೌಕಾಬಾರಕ್ಕೆ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಇಪ್ಪತ್ತೈದು ಮನೆಗಳು ಮತ್ತು ನಾಲ್ಕು ಕವಡೆಗಳು ಸಾಕು. ಎಷ್ಟು ಕವಡೆ ಮೇಲ್ಮುಖವಾಗಿ ಬಿದ್ದವೆಂದು ಒಂದೇ ನೋಟಕ್ಕೆ ಗುರುತಿಸುವುದು, ಅಷ್ಟು ಮನೆ ನಡೆಸುವುದು, ಇನ್ನೆಷ್ಟು ಬಿದ್ದರೆ ಹಣ್ಣಾಗುತ್ತದೆಯೆಂದು ಮುಂಚಿತವಾಗಿ ಎಣಿಸುವುದು, ಇವೆಲ್ಲವೂ ಗಣಿತದ ಅಭ್ಯಾಸಗಳೇ. ಅಳಗುಳಿಮಣೆಯಲ್ಲಿ ಏಳೇಳರಂತೆ ಎರಡು ಸಾಲು, ಒಟ್ಟು ಹದಿನಾಲ್ಕು ಗುಳಿಗಳು. ಗುಳಿಗೊಂದರಂತೆ ಬೀಜ ಹಾಕುತ್ತ ಹೋಗುವ ಮಗುವಿನ ಕೈ, ಒಂದು ವಸ್ತುವಿಗೆ ಒಂದೇ ಎಣಿಕೆ ಎಂಬ ಮೊದಲ ತತ್ತ್ವವನ್ನು ಯಾರೂ ಹೇಳಿಕೊಡದೆ ಕಲಿಯುತ್ತದೆ.

ಆಡಿಸುವಾಗ ಒಂದು ಸಣ್ಣ ಸಂಗತಿಯನ್ನು ಗಮನದಲ್ಲಿಡಬೇಕು. ಹಾವು-ಏಣಿಯಲ್ಲಿ ಕಾಯಿ ಐದರ ಮನೆಯಲ್ಲಿದ್ದು ದಾಳದಲ್ಲಿ ಎರಡು ಬಿದ್ದರೆ, ‘ಒಂದು, ಎರಡು’ ಎಂದು ನಡೆಸುವುದಕ್ಕಿಂತ ‘ಆರು, ಏಳು’ ಎಂದು ಮನೆಯ ಅಂಕಿಯನ್ನೇ ಹೇಳುತ್ತ ನಡೆಸುವುದು ಹೆಚ್ಚು ಫಲಕಾರಿಯೆಂದು ೨೦೧೪ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ಎಳೆಯ ಮಕ್ಕಳಿಗೆ ಮೊದಲು ಒಂದರಿಂದ ಹತ್ತರವರೆಗಿನ ಒಂದೇ ಸಾಲನ್ನು ನೆಲದ ಮೇಲೆ ಬರೆದು ಆಡಿಸಿದರೆ ಲೇಸು. ಅಜ್ಜ ಅಜ್ಜಿಯರಿಗೆ ಇದಕ್ಕಿಂತ ಒಳ್ಳೆಯ ಸಂಜೆಯ ಕೆಲಸ ಬೇರೆ ಯಾವುದು?

ಮೊಬೈಲಿನಲ್ಲಿಯೂ ಎಣಿಕೆಯ ಹಾಡುಗಳಿವೆಯಲ್ಲ ಎಂದು ಕೆಲವರು ಕೇಳುತ್ತಾರೆ. ಹಾಡು ಕೇಳಿದ ಮಗು ಹಾಡು ಕಲಿಯುತ್ತದೆ. ಕವಡೆಯನ್ನು ಕೈಯಲ್ಲಿ ಹಿಡಿದು, ತನ್ನ ಸರದಿಗೆ ಕಾಯ್ದು, ಸೋಲು ಗೆಲುವುಗಳ ನಡುವೆ ಎಣಿಸಿದ ಮಗು ಲೆಕ್ಕವನ್ನು ಕಲಿಯುತ್ತದೆ.

ಬೆರಳು, ಬರವಣಿಗೆ, ಮಗ್ಗಿ

ಬೆರಳು ಮಡಿಸಿ ಎಣಿಸುವ ಮಗುವನ್ನು ಗದರಿಸುವ ರೂಢಿ ಕೆಲವೆಡೆ ಇದೆ. ಇದನ್ನು ದಯವಿಟ್ಟು ಬಿಡಿರಿ. ಮಗುವಿನ ಬಳಿ ಸದಾ ಇರುವ ಲೆಕ್ಕದ ಸಾಧನವೆಂದರೆ ಅದರ ಹತ್ತು ಬೆರಳುಗಳೇ. ನಮ್ಮ ಹಿರಿಯರು ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಜಾರಿಸುತ್ತ ಒಂದೇ ಕೈಯಲ್ಲಿ ಹನ್ನೆರಡರವರೆಗೆ ಎಣಿಸುತ್ತಿದ್ದರು. ಅಂಕಿಗಳು ಮನಸ್ಸಿನಲ್ಲಿ ನಿಂತ ದಿನ ಬೆರಳುಗಳ ಆಸರೆಯನ್ನು ಮಗು ತಾನಾಗಿಯೇ ಬಿಡುತ್ತದೆ.

ಬರವಣಿಗೆಯ ಆತುರವೂ ಬೇಡ. ಪೆನ್ಸಿಲು ಹಿಡಿಯುವಷ್ಟು ಬೆರಳುಗಳು ಬಲಿಯದ ಮಗುವಿನಿಂದ ಪುಟಗಟ್ಟಲೆ ಅಂಕಿಗಳನ್ನು ಬರೆಸುವುದರಿಂದ ಕೈ ನೋಯುತ್ತದೆ, ಮನಸ್ಸು ಮುನಿಯುತ್ತದೆ. ಮೊದಲು ವಸ್ತು, ಆಮೇಲೆ ಮಾತು, ಆಮೇಲೆ ಚಿತ್ರ, ಕೊನೆಯಲ್ಲಿ ಅಂಕಿ. ಈ ಕ್ರಮ ತಪ್ಪಬಾರದು.

ಹಾಗೆಂದು ಮಗ್ಗಿಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದೂ ಸರಿಯಲ್ಲ. ಬಾಯಿಪಾಠವಾದ ಮಗ್ಗಿ ಮುಂದಿನ ಲೆಕ್ಕಗಳಲ್ಲಿ ದೊಡ್ಡ ಬಲ. ಆದರೆ ಅದಕ್ಕೂ ಅದರದೇ ಕಾಲವಿದೆ. ‘ಎರಡು ಮೂರಲೆ ಆರು’ ಎಂದು ಹೇಳುವ ಮೊದಲು, ಎರಡೆರಡು ಹುಣಸೆ ಬೀಜಗಳ ಮೂರು ಗುಂಪುಗಳನ್ನು ಮಗು ತನ್ನ ಕೈಯಿಂದಲೇ ಜೋಡಿಸಿ ನೋಡಿರಬೇಕು.

ಹಿರಿಯರ ಅಂಜಿಕೆ ಮಕ್ಕಳಿಗೆ ಅಂಟದಿರಲಿ

ಈಗ ಸ್ವಲ್ಪ ಕಟುವಾದ ಮಾತು. ‘ನನಗೂ ಲೆಕ್ಕ ಬರುತ್ತಿರಲಿಲ್ಲ, ಇವಳಿಗೂ ಬರುವುದಿಲ್ಲ’, ‘ಹೆಣ್ಣುಮಗಳಿಗೆ ಇಷ್ಟು ಬಂದರೆ ಸಾಕು’ ಎಂಬ ಮಾತುಗಳು ಮಕ್ಕಳ ಎದುರಿನಲ್ಲಿಯೇ ಎಷ್ಟು ಸಲೀಸಾಗಿ ಬರುತ್ತವೆ! ಗಣಿತವೆಂದರೆ ಅಂಜುವ ತಾಯಿತಂದೆಯರು ಮಕ್ಕಳ ಮನೆಪಾಠಕ್ಕೆ ಪದೇ ಪದೇ ಕುಳಿತಾಗ, ಆ ಮಕ್ಕಳು ವರ್ಷದ ಕೊನೆಗೆ ಗಣಿತವನ್ನು ಕಡಿಮೆ ಕಲಿತಿದ್ದರು, ಅಂಜಿಕೆಯನ್ನು ಹೆಚ್ಚು ಕಲಿತಿದ್ದರು ಎಂದು ೨೦೧೫ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ತೋರಿಸಿದೆ. ಅಕ್ಷರ ಬಾರದ ಅಜ್ಜಿ ಹಾಲಿನ ಲೆಕ್ಕವನ್ನು ತಿಂಗಳುಗಟ್ಟಲೆ ನೆನಪಿನಲ್ಲಿಟ್ಟಿರುತ್ತಾಳೆ. ಹತ್ತು ಮಂದಿಯ ಅಡುಗೆಯನ್ನು ನೂರು ಮಂದಿಗೆ ಏರಿಸಿ ಕಾಳು ಬೇಳೆ ಅಳೆದು ಕೊಡುತ್ತಾಳೆ. ಅದು ಗಣಿತವಲ್ಲದೆ ಮತ್ತೇನು? ತನಗೆ ಲೆಕ್ಕ ಬಾರದೆಂದುಕೊಂಡ ತಾಯಿ ಮೊದಲು ಪುಸ್ತಕವನ್ನು ಬದಿಗಿಟ್ಟು, ತಾನು ದಿನವೂ ಮಾಡುವ ಲೆಕ್ಕವನ್ನು ಮಗುವಿಗೆ ಕೇಳುವಂತೆ ಬಾಯಿಬಿಟ್ಟು ಹೇಳಲಿ. ಮಗಳೂ ಕೇಳಲಿ, ಮಗನೂ ಕೇಳಲಿ.

ಮಗು ತಪ್ಪಿದಾಗ ‘ತಪ್ಪು’ ಎಂದು ಮುಗಿಸದೆ ‘ಹೇಗೆ ಎಣಿಸಿದೆ, ತೋರಿಸು’ ಎನ್ನಬೇಕು. ತೋರಿಸುತ್ತ ತೋರಿಸುತ್ತಲೇ ಎಷ್ಟೋ ಮಕ್ಕಳು ತಮ್ಮ ತಪ್ಪನ್ನು ತಾವೇ ಕಂಡುಕೊಳ್ಳುತ್ತಾರೆ. ಪಕ್ಕದ ಮನೆಯ ಮಗುವಿನೊಡನೆ ಹೋಲಿಕೆ ಸರ್ವಥಾ ಸಲ್ಲದು.

ವಯಸ್ಸಿಗೆ ತಕ್ಕ ನಿರೀಕ್ಷೆ

ಒಂದೊಂದು ಮಗುವಿನ ನಡಿಗೆ ಒಂದೊಂದು ಬಗೆ. ಆದರೂ ಸ್ಥೂಲವಾಗಿ ಹೀಗೆ ನೆನಪಿಟ್ಟುಕೊಳ್ಳಬಹುದು.

ಎರಡರಿಂದ ಮೂರು ವರ್ಷ: ಹೆಚ್ಚು-ಕಡಿಮೆ, ದೊಡ್ಡದು-ಸಣ್ಣದು, ಮೇಲೆ-ಕೆಳಗೆ, ಒಳಗೆ-ಹೊರಗೆ ಎಂಬ ಮಾತುಗಳು. ಒಂದು ಮತ್ತು ಎರಡರ ಅರ್ಥ.

ಮೂರರಿಂದ ನಾಲ್ಕು: ಕೇಳಿದಾಗ ಎರಡು, ಮೂರು ವಸ್ತುಗಳನ್ನು ಸರಿಯಾಗಿ ಕೊಡುವುದು. ಬಣ್ಣ, ಆಕಾರಗಳಿಂದ ವಿಂಗಡಿಸುವುದು. ಮುಟ್ಟಿ ಮುಟ್ಟಿ ಎಣಿಸುವುದು.

ನಾಲ್ಕರಿಂದ ಐದು: ಹತ್ತರವರೆಗೆ ವಸ್ತುಗಳನ್ನು ಎಣಿಸಿ ಮೊತ್ತ ಹೇಳುವುದು. ಎರಡು ರಾಶಿಗಳಲ್ಲಿ ಯಾವುದು ಹೆಚ್ಚೆಂದು ಎಣಿಸಿ ತಿಳಿಯುವುದು. ಕೆಂಪು ಹೂ, ಬಿಳಿ ಹೂ, ಕೆಂಪು ಹೂ ಎಂಬ ಸಾಲನ್ನು ಮುಂದುವರಿಸುವುದು.

ಐದರಿಂದ ಆರು: ಇಪ್ಪತ್ತರವರೆಗೆ ಎಣಿಕೆ. ಕಾಳು ಅಥವಾ ಬೆರಳುಗಳ ನೆರವಿನಿಂದ ಕೂಡುವುದು, ಕಳೆಯುವುದು. ಹತ್ತು ಕಡ್ಡಿಗಳ ಒಂದು ಕಟ್ಟು ಕಟ್ಟಿ, ‘ಒಂದು ಕಟ್ಟು, ಮೂರು ಬಿಡಿ, ಹದಿಮೂರು’ ಎಂದು ಹೇಳುವುದು.

ಆರು ವರ್ಷ ದಾಟಿದರೂ, ಇಷ್ಟೆಲ್ಲ ಆಡಿಸಿದರೂ, ಐದಾರು ವಸ್ತುಗಳನ್ನು ಎಣಿಸಲು ಮಗು ಬಹಳ ತಡವರಿಸುತ್ತಿದ್ದರೆ ಗದರದೆ ಶಿಕ್ಷಕರೊಡನೆ ಮಾತನಾಡಿರಿ. ಕಣ್ಣು, ಕಿವಿಗಳ ತಪಾಸಣೆಯನ್ನೂ ಮಾಡಿಸಿರಿ. ಬುದ್ಧಿ ಚುರುಕಾಗಿದ್ದರೂ ಸಂಖ್ಯೆಗಳನ್ನು ಗ್ರಹಿಸುವಲ್ಲಿ ಮಾತ್ರ ವಿಶೇಷ ತೊಡಕಿರುವ ಮಕ್ಕಳೂ ಇದ್ದಾರೆ. ಅವರಿಗೆ ಬೇಕಾದದ್ದು ತಜ್ಞರ ನೆರವು, ಬೆತ್ತವಲ್ಲ.

ಶಾಲೆಗಳೂ ಈ ದಾರಿಗೆ ಬಂದಿವೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳಕೆಯೊಡೆದ ‘ನಲಿ-ಕಲಿ’ ಪದ್ಧತಿ ಚಟುವಟಿಕೆಯ ಮೂಲಕ ಕಲಿಸುವುದನ್ನು ಕರ್ನಾಟಕದ ಸರಕಾರಿ ಶಾಲೆಗಳಿಗೆ ತಂದಿತು. ೨೦೨೧ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ನಿಪುಣ ಭಾರತ’ ಅಭಿಯಾನವು ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿಗೂ ಓದು ಬರಹದ ಜೊತೆಗೆ ಬುನಾದಿ ಗಣಿತವೂ ಬರಬೇಕೆಂಬ ಗುರಿಯನ್ನಿಟ್ಟುಕೊಂಡಿತು. ಅಂಗನವಾಡಿಯ ಕಾರ್ಯಕರ್ತೆಯೂ ಶಾಲೆಯ ಶಿಕ್ಷಕರೂ ತಮ್ಮ ಪಾಲಿನದನ್ನು ಮಾಡಲಿ. ಆದರೆ ಮನೆಯಲ್ಲಿ ಆಗಬೇಕಾದುದನ್ನು ಯಾವ ಅಭಿಯಾನವೂ ಮಾಡಿಕೊಡಲಾರದು.

ಆದುದರಿಂದ ಸಹೋದರ ಸಹೋದರಿಯರೆ, ಈ ತಿಂಗಳು ಮನೆಯಲ್ಲಿ ಮೂರೇ ಮೂರು ಕೆಲಸಗಳನ್ನು ಹಮ್ಮಿಕೊಳ್ಳಿರಿ. ದಿನಕ್ಕೊಮ್ಮೆ ಊಟದ ತಟ್ಟೆಗಳನ್ನು ಮಗುವೇ ಎಣಿಸಿ ಹಾಕಲಿ. ವಾರಕ್ಕೆರಡು ಸಂಜೆ ಮನೆಯವರೆಲ್ಲ ಕುಳಿತು ಅಂಕಿಯ ಆಟವೊಂದನ್ನು ಆಡಿರಿ. ಹಾಗೂ ಲೆಕ್ಕದ ಬಗೆಗೆ ಅಂಜಿಕೆಯ ಮಾತೊಂದೂ ಮಗುವಿನ ಕಿವಿಗೆ ಬೀಳದಂತೆ ಹಿರಿಯರು ನಾಲಿಗೆಯನ್ನು ಬಿಗಿಹಿಡಿಯಿರಿ. ತಿಂಗಳ ಕೊನೆಗೆ ತಟ್ಟೆಯಲ್ಲಿ ಶೇಂಗಾ ಬೀಜಗಳನ್ನಿಟ್ಟು ‘ಐದು ಕೊಡು’ ಎಂದು ಕೇಳಿದಾಗ ಮಗುವಿನ ಬೆರಳುಗಳು ಒಂದೊಂದಾಗಿ ಆರಿಸತೊಡಗಿದರೆ, ನಿಮ್ಮ ಶ್ರಮ ಸಾರ್ಥಕವೆಂದು ತಿಳಿಯಿರಿ. ಇನ್ನೂ ಹಿಡಿಯಾಗಿ ಕೊಟ್ಟರೂ ಚಿಂತೆಯಿಲ್ಲ. ಮುಂದಿನ ತಿಂಗಳೂ ಆಟ ನಡೆಯಲಿ.